ಬುಕ್ ಆಫ್ ಅವರ್ಸ್: ಯಾವ ಊರಿಂದು ಅಂತ ಹೆಂಗ ಪತ್ತೆ ಹಚ್ಚೋದು?

ಪ್ರಶ್ನೆ – ಹಸ್ತಪ್ರತಿ_ಕಲಬುರಗಿ
ಪ್ರಬಂಧಕ್ಕ ಯುರೋಪಿನ ಲೈಬ್ರರಿಯೊಂದು ಆನ್‌ಲೈನ್ ಹಾಕಿರೋ 15ನೇ ಶತಮಾನದ ಸಚಿತ್ರ ಬುಕ್ ಆಫ್ ಅವರ್ಸ್, ಅಂದ್ರ ದಿನದ ಬೇರೆ ಬೇರೆ ವೇಳೆಗೆ ಹೇಳೋ ಕ್ರೈಸ್ತ ಪ್ರಾರ್ಥನೆಗಳ ಪುಸ್ತಕ, ತಗೊಂಡೀನಿ. ಕ್ಯಾಟಲಾಗಿನ್ಯಾಗ ‘ಫ್ರಾನ್ಸ್’ ಅಂತಷ್ಟೇ ಅದ. ಊರು ಗುರ್ತು ಹಿಡೀಲಿಕ್ಕ ಚಿತ್ರದ ಶೈಲಿ ಸಾಕೇನ್ರಿ? ಇನ್ನೊಂದು, ಸೆಕ್ಸ್ಟ್ ವೇಳೆಗೆ (ನಡುಮಧ್ಯಾಹ್ನದ ಪ್ರಾರ್ಥನೆ) ಚಿತ್ರನೇ ಕಾಣವಲ್ದು.

ಬೀದರ್_ಓದುಗ
ಚಿತ್ರದಿಂದ ಸುರು ಮಾಡಬ್ಯಾಡ್ರಿ, ಚಿತ್ರಗಾರರು ಊರೂರು ತಿರುಗೋರು. ಮರಿಯಮ್ಮನ ಪ್ರಾರ್ಥನೆಯೊಳಗ ಪ್ರೈಮ್ (ಮುಂಜಾನಿ), ನೋನ್ (ಮಧ್ಯಾಹ್ನದ ಮ್ಯಾಲ) ಎರಡು ವೇಳೆ ತೆಗೀರಿ. ಎರಡರಾಗೂ ಆಂಟಿಫನ್ (ಕೀರ್ತನೆ ಜೊತೆ ಹಾಡೋ ಕಿರುಸಾಲು) ಮತ್ತ ಕೀರ್ತನೆ ಮುಗಿದ ಮ್ಯಾಲಿನ ಕಿರುಪಾಠ, ಇವುಗಳ ಮೊದಲ ಲ್ಯಾಟಿನ್ ಶಬ್ದ ಬರಕೋರಿ. ಪ್ರೈಮ್‌ನ್ಯಾಗ ‘ಅಸ್ಸುಂಪ್ತಾ ಎಸ್ತ್’, ‘ಕ್ವೇ ಎಸ್ತ್ ಇಸ್ತಾ’, ನೋನ್‌ನ್ಯಾಗ ‘ಪುಲ್ಕ್ರಾ ಎಸ್’, ‘ಇನ್ ಪ್ಲಾತೇಯಿಸ್’ ಬಂದ್ರ ರೋಮ್ ಪದ್ಧತಿ. ‘ಬೆನೆದಿಕ್ತಾ ತು’, ‘ಫೇಲಿಕ್ಸ್ ನಾಮ್‌ಕ್ವೆ’, ಆಮ್ಯಾಲ ‘ಸಿಕುತ್ ಲೀಲಿಯುಮ್’, ‘ಪೆರ್ ತೆ ದೇಯಿ’ ಬಂದ್ರ ಪ್ಯಾರಿಸ್. ‘ಪೆರ್’ ಅಂತ ಪೂರಾ ಬರದಿರಲ್ಲ. ಪಿ ಅಕ್ಷರದ ಕಾಲಿಗೆ ಅಡ್ಡಗೆರಿ ಎಳದಿರ್ತಾರ, ಅದೇ.

ಆದ್ರ ಇದು ಪುಸ್ತಕ ಬಳಸೋರ ಪದ್ಧತಿ ಹೇಳ್ತದ, ಬರೆದ ಊರಲ್ಲ. ಈಗಿನ ಬೆಲ್ಜಿಯಮ್ಮಿನ ಬ್ರೂಜ್‌ದಾಗ ಕುಂತು ಇಂಗ್ಲೆಂಡಿನ ಗಿರಾಕಿಗೆ ಸೇರಮ್ (ಇಂಗ್ಲೆಂಡಿನ ಸಾಲ್ಸ್‌ಬರಿ) ಪದ್ಧತಿ ಪುಸ್ತಕ ಮಾಡಿ ಮಾರ್ತಿದ್ರು.

ಯಾದಗಿರಿ_ಲಿಪಿ
ಅದರ ಜೊತೆಗೆ ಪುಸ್ತಕದೊಳಗಿನ ಸಂತರ ಹಬ್ಬಗಳ ಕ್ಯಾಲೆಂಡರೂ ತಾಳೆಯಾಗಬೇಕು. ಕೆಂಪು ಅಥವಾ ಬಂಗಾರದಲ್ಲಿ ಬರೆದಿರುವುದು ದೊಡ್ಡ ಹಬ್ಬ. ಶರಣಬಸವೇಶ್ವರ ಜಾತ್ರೆಯನ್ನು ಕೆಂಪಕ್ಷರದಲ್ಲಿ ಹಾಕಿದ ಕ್ಯಾಲೆಂಡರ್ ಯಾವ ಕಡೆಯದು ಅಂತ ಯಾರೂ ಹೇಳಬೇಕಿಲ್ಲ, ಅಲ್ಲವೇ? ಹಾಗೇ ಪ್ಯಾರಿಸ್‌ನ ಸಂತರಾದ ಜೆನೆವೀವ್ ಜನವರಿ 3ಕ್ಕೆ, ದೆನಿ ಅಕ್ಟೋಬರ್ 9ಕ್ಕೆ ಬಂಗಾರದಲ್ಲಿದ್ದರೆ ಪ್ಯಾರಿಸ್ ಕಡೆ ವಾಲಬಹುದು. ಪೀಟರ್, ಪಾಲ್ ಎಲ್ಲ ಕಡೆಯೂ ಇರುತ್ತಾರೆ, ಬಿಡಿ. ಪ್ಯಾರಿಸ್ ಕ್ಯಾಲೆಂಡರುಗಳಲ್ಲಿ ದಿನಕ್ಕೊಬ್ಬ ಸಂತನನ್ನು ತುಂಬುವ ಚಾಳಿಯಿದೆ. ಆ ಭರ್ತಿ ಹೆಸರುಗಳ ಮೇಲೆ ವಾದ ಕಟ್ಟಬೇಡಿ. ಕ್ಯಾಲೆಂಡರ್ ಸಾಮಾನ್ಯವಾಗಿ ಬೇರೆ ಕಟ್ಟಿನಲ್ಲೇ (ಮಡಚಿ ಒಟ್ಟಿಗೆ ಹೊಲಿದ ಹಾಳೆಗಳ ಗುಂಪು) ಇರುವುದರಿಂದ ಮರುಬೈಂಡಿಂಗ್‌ನಲ್ಲಿ ಇನ್ನೊಂದು ಪುಸ್ತಕದ್ದು ಸೇರಿರಲೂಬಹುದು. ಕೈಬರಹ, ಪುಟಕ್ಕೆ ಎಷ್ಟು ಸಾಲು, ಅಂಚಿನ ಬಳ್ಳಿ ಹೋಲಿಸಿ ನೋಡಿ.

ಬೀದರ್_ಓದುಗ
ಸೆಕ್ಸ್ಟ್ ಚಿತ್ರ ಕತ್ತರಿಸಿ ಮಾರಿರಬೇಕು. ಅಲ್ಲಿ ಸಾಮಾನ್ಯವಾಗಿ ಮೂವರು ಜ್ಞಾನಿಗಳು ಕೂಸಿಗೆ ಕಾಣಿಕಿ ಕೊಡೋ ಚಿತ್ರ ಇರ್ತದ. ಫ್ರೆಂಚ್ ಪುಸ್ತಕದಾಗ ಚಿತ್ರದ ಕೆಳಗೇ ನಾಕೈದು ಸಾಲು ಪಾಠ ಸುರು ಆಗ್ತದ, ಹಾಳಿ ಹೋದ್ರ ಪಾಠನೂ ಹೋಗ್ತದ. ಸೆಕ್ಸ್ಟ್‌ಗಿಂತ ಮುಂಚಿನ ವೇಳೆ ಟರ್ಸ್ ಮುಗಿದ ಮ್ಯಾಲ, ಸೆಕ್ಸ್ಟ್ ಸುರು ಆಗೋ ಮಾತು ‘ದೇಉಸ್ ಇನ್ ಆದ್ಯುತೋರಿಯುಮ್’ ಇಲ್ದ ನಡುವಿಂದಲೇ ಮಾತು ಸುರು ಆಗಿದ್ರ ಹಾಳಿ ಇಲ್ಲ ಅಂತನೇ. ಬ್ರೂಜ್ ಕಡಿ ಪುಸ್ತಕದಾಗ ಚಿತ್ರ ಹಿಂಬದಿ ಖಾಲಿ ಇರೋ ಬಿಡಿ ಹಾಳಿ ಮ್ಯಾಲ. ಅದನ್ನ ಕಿತ್ರ ಪಾಠ ತುಂಡಾಗಂಗಿಲ್ಲ, ಹಿಂಗಾಗಿ ಕಳವು ಗೊತ್ತಾಗೋದೂ ಕಷ್ಟ. ಸ್ಕ್ಯಾನಿನ ಕಾಂಟ್ರಾಸ್ಟ್ ಏರಿಸಿ ಎದುರು ಪುಟ ನೋಡ್ರಿ, ಹೋದ ಚಿತ್ರದ ಬಣ್ಣ ಅಲ್ಲಿ ಅಂಟಿರ್ತದ ಒಮ್ಮೊಮ್ಮೆ. ಲೈಬ್ರರಿಗೆ ಮೇಲ್ ಹಾಕಿ, ಕಟ್ಟಿಗೆ ಎಷ್ಟೆಷ್ಟು ಹಾಳಿ ಅನ್ನೋ ಲೆಕ್ಕ ಮತ್ತ ಆ ಜಾಗದ ಹೊಲಿಗಿ ಕಾಣೋ ಫೋಟೋ ಕೇಳ್ರಿ.