ಆಕಾಶ ತಿಳಿಯಾಗಿದ್ದರೂ ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ಏಕೆ?

ಪ್ರಶ್ನೆ (ಮಲ್ಪೆಯ ಬೋಟ್‌ಮನೆಯವನು):

ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೋಗುವ ಟ್ರಾಲ್‌ಬೋಟ್ ನಮ್ಮದು. ತಂದೆಯವರು ಮೂವತ್ತು ವರ್ಷ ಸ್ವತಃ ಬೋಟ್ ನಡೆಸಿದವರು. ಈಗ ಲೆಕ್ಕಪತ್ರ ಮತ್ತು ಹವಾಮಾನದ ಸೂಚನೆಗಳನ್ನು ಗಮನಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಲಕ್ಷದ್ವೀಪದ ಪಶ್ಚಿಮಕ್ಕಿದ್ದ ವಾಯುಭಾರ ಕುಸಿತವು ವಾಯವ್ಯಕ್ಕೆ, ಅಂದರೆ ಒಮಾನ್ ದಿಕ್ಕಿಗೆ ಸಾಗುತ್ತಿದೆಯೆಂದು ಸೂಚನೆಯಲ್ಲಿದೆ. ಅದು ನಮ್ಮಿಂದ ದೂರ ಹೋಗುತ್ತಿದೆ, ಇಲ್ಲಿ ಬಿಸಿಲಿದೆ, ಗಾಳಿಯೂ ಇಲ್ಲ. ಹೀಗಿದ್ದರೂ ಇನ್ನೆರಡು ದಿನ ಕರ್ನಾಟಕ ಕರಾವಳಿಯ ಮೀನುಗಾರರು ಕಡಲಿಗೆ ಇಳಿಯಬಾರದೆಂದು ಎಚ್ಚರಿಕೆ ಕೊಟ್ಟಿದ್ದಾರೆ. ಡೀಸೆಲ್ ಮತ್ತು ಐಸು ತುಂಬಿಸಿ ಬೋಟ್ ದಕ್ಕೆಯಲ್ಲೇ ನಿಂತಿದೆ, ಐಸು ಕರಗುತ್ತಿದೆ.

ಇದರ ಜೊತೆಗೆ ಇನ್ನೊಂದು ಸಂದೇಹವೂ ಇದೆ. ಸೂಚನೆಯಲ್ಲಿ ಅಲೆಯ ಎತ್ತರ ಎರಡೂವರೆ ಮೀಟರ್ ಎಂದಿದ್ದ ದಿನಗಳಲ್ಲಿ ತಾವು ನಾಲ್ಕು ಮೀಟರಿನ ಅಲೆಯನ್ನು ಕಣ್ಣಾರೆ ಕಂಡಿರುವುದಾಗಿಯೂ, ಆದ್ದರಿಂದ ಆ ಲೆಕ್ಕವನ್ನು ನಂಬಬಾರದೆಂದೂ ತಂದೆಯವರು ಹೇಳುತ್ತಾರೆ. ಇವುಗಳಲ್ಲಿ ಯಾವುದು ಸರಿ?

ಉತ್ತರ 1 (ಸುರತ್ಕಲ್, ನಿವೃತ್ತ ನಾವಿಕ):

ಸರಕು ಹಡಗುಗಳಲ್ಲಿ ಈ ಸಮುದ್ರವನ್ನು ಹಲವು ಸಲ ದಾಟಿದವನಾಗಿ ತಮ್ಮ ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. ಕುಸಿತದ ಕೇಂದ್ರ ಯಾವ ಕಡೆಗೆ ಹೋಗುತ್ತಿದೆ ಎಂಬುದೊಂದನ್ನೇ ನೋಡಿದರೆ ಸಾಲದು, ಅದರ ಸುತ್ತ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನೂ ನೋಡಬೇಕು. ಉತ್ತರಾರ್ಧಗೋಳದಲ್ಲಿ ಕುಸಿತದ ಸುತ್ತ ಗಾಳಿಯು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಕೇಂದ್ರವು ನಮಗೆ ವಾಯವ್ಯದಲ್ಲಿದ್ದಾಗ ಅದರ ದಕ್ಷಿಣದ ಮಗ್ಗುಲಿನಲ್ಲಿ ಪಶ್ಚಿಮ ಮತ್ತು ನೈರುತ್ಯದ ಗಾಳಿ ಬೀಸುತ್ತಿರುತ್ತದೆ, ಆ ಗಾಳಿಯ ಮುಖವಿರುವುದು ನೇರವಾಗಿ ನಮ್ಮ ದಡದ ಕಡೆಗೆ. ಕೇಂದ್ರ ಒಮಾನಿನತ್ತ ಹೋಗುತ್ತಿದ್ದರೂ ಅದು ಎಬ್ಬಿಸಿದ ಅಲೆಗಳು ಉಡುಪಿಯತ್ತ ಬರುತ್ತವೆ.

ಅಲೆ ಎಷ್ಟು ಬೆಳೆಯುತ್ತದೆ ಎಂಬುದನ್ನು ನಿರ್ಧರಿಸುವ ಸಂಗತಿಗಳು ಮೂರು: ಗಾಳಿಯ ವೇಗ, ಅದು ಬೀಸಿದ ಹೊತ್ತು, ತಡೆಯಿಲ್ಲದೆ ಬೀಸಿದ ನೀರಿನ ಉದ್ದ. ತೆರೆದ ಸಾಗರದಲ್ಲಿ ಮೂರನೆಯದಕ್ಕೆ ಕೊರತೆಯೇ ಇಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಂಟೆಗೆ 31ರಿಂದ 49 ಕಿ.ಮೀ. ಗಾಳಿಯಿದ್ದರೆ ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62ನ್ನು ಮುಟ್ಟಿದರೆ ಚಂಡಮಾರುತ. ಹೆಸರಿಡುವಷ್ಟು ದೊಡ್ಡದಾಗಿಲ್ಲವೆಂದು ಕುಸಿತವನ್ನು ಹಗುರವಾಗಿ ಕಾಣುವವರಿದ್ದಾರೆ; ಒಂದೇ ದಿಕ್ಕಿನಿಂದ ಎರಡು ದಿನ ಬಿಡದೆ ಬೀಸಿದ 45 ಕಿ.ಮೀ. ಗಾಳಿ ಏನು ಮಾಡಬಲ್ಲದೆಂಬುದು ಹಡಗಿನ ಮೇಲಿದ್ದವರಿಗೆ ಗೊತ್ತು.

2019ರ ಅಕ್ಟೋಬರಿನ ‘ಕ್ಯಾರ್’ ತಮಗೆ ನೆನಪಿರಬಹುದು. ಸೂಪರ್ ಸೈಕ್ಲೋನ್ ಮಟ್ಟಕ್ಕೇರಿದ ಆ ಚಂಡಮಾರುತ ನಮ್ಮ ದಡವನ್ನು ಮುಟ್ಟಲೇ ಇಲ್ಲ, ಪಶ್ಚಿಮಕ್ಕೆ ಸಾಗಿ ಸಮುದ್ರದಲ್ಲೇ ಕ್ಷೀಣಿಸಿತು; ಆದರೂ ಅದರ ಅಲೆಗಳ ಹೊಡೆತ ನಮ್ಮ ಕರಾವಳಿಗೆ ತಟ್ಟಿತು. 2021ರ ಮೇ ತಿಂಗಳ ‘ತೌಕ್ತೆ’ ಗುಜರಾತಿನಲ್ಲಿ ದಡ ಸೇರಿತಾದರೂ ಕಡಲ್ಕೊರೆತದ ಪೆಟ್ಟು ಬಿದ್ದದ್ದು ಉಳ್ಳಾಲ, ಸೋಮೇಶ್ವರದ ಕಡೆಗೂ.

ಉತ್ತರ 2 (ಮಂಗಳೂರು, ಭೌತಶಾಸ್ತ್ರದ ಅಧ್ಯಾಪಕ):

ಎರಡನೆಯ ಸಂದೇಹದ ಮಟ್ಟಿಗೆ ಹೇಳುವುದಾದರೆ, ತಮ್ಮ ತಂದೆಯವರು ಕಂಡದ್ದೂ ಸರಿ, ಸೂಚನೆಯಲ್ಲಿರುವುದೂ ಸರಿ. ಅಲ್ಲಿ ಕೊಡುವುದು ‘ಗಮನಾರ್ಹ ಅಲೆ ಎತ್ತರ’. ಅಲೆಗಳನ್ನೆಲ್ಲ ಎತ್ತರದ ಕ್ರಮದಲ್ಲಿಟ್ಟು, ಅತಿ ಎತ್ತರದ ಮೂರನೆಯ ಒಂದು ಭಾಗವನ್ನು ಮಾತ್ರ ಆಯ್ದು ತೆಗೆದ ಸರಾಸರಿ ಅದು, ಗರಿಷ್ಠ ಎತ್ತರವಲ್ಲ. ಸಾವಿರ ಅಲೆಗಳು ಹಾದುಹೋಗುವ ಹೊತ್ತಿನಲ್ಲಿ, ಎಂದರೆ ಎರಡು ಮೂರು ಗಂಟೆಗಳಲ್ಲಿ, ಅದರ ಎರಡು ಪಟ್ಟಿಗೆ ಹತ್ತಿರವಾದ ಒಂದು ಅಲೆ ಎದುರಾಗುವುದು ಸಹಜ. ಸೂಚನೆಯಲ್ಲಿ ಎರಡೂವರೆ ಮೀಟರ್ ಎಂದಿದ್ದರೆ ನಾಲ್ಕೂವರೆ ಮೀಟರಿನ ಅಲೆಗೂ ಸಿದ್ಧರಾಗಿರಬೇಕು.

ನಮ್ಮವರು ಎತ್ತರವನ್ನಷ್ಟೇ ಓದಿ ಅಲೆಯ ಅವಧಿಯನ್ನು, ಎಂದರೆ ಒಂದು ಅಲೆಯ ತಲೆ ದಾಟಿದ ಮೇಲೆ ಮುಂದಿನದರ ತಲೆ ಬರುವವರೆಗಿನ ಸೆಕೆಂಡುಗಳನ್ನು, ಓದದೆ ಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ತಪ್ಪು. ಸ್ಥಳೀಯ ಗಾಳಿ ಎಬ್ಬಿಸಿದ 6 ಸೆಕೆಂಡಿನ ಅಲೆಗೆ ಆಳದ ನೀರಿನಲ್ಲಿ ಸುಮಾರು 56 ಮೀಟರ್ ಉದ್ದವಿರುತ್ತದೆ. ದೂರದ ಬಿರುಗಾಳಿಯಿಂದ ಬಂದ ನೀಳ ಅಲೆಗೆ ‘ಸ್ವೆಲ್’ ಎನ್ನುತ್ತಾರೆ; 12 ಸೆಕೆಂಡಿನ ಸ್ವೆಲ್‌ಗೆ ಅದರ ನಾಲ್ಕು ಪಟ್ಟು, ಹತ್ತಿರ ಹತ್ತಿರ 225 ಮೀಟರ್. ಅಂತಹ ಸ್ವೆಲ್‌ನ ಶಕ್ತಿಯು ಗಂಟೆಗೆ 34 ಕಿ.ಮೀ. ವೇಗದಲ್ಲಿ ಸಾಗುವುದರಿಂದ 800 ಕಿ.ಮೀ. ದೂರದಲ್ಲಿ ಎದ್ದದ್ದು ಇಲ್ಲಿಗೆ ತಲುಪಲು ಒಂದು ದಿನ ಸಾಕು, ಅಷ್ಟರಲ್ಲಿ ಅದನ್ನು ಎಬ್ಬಿಸಿದ ಗಾಳಿ ಅಲ್ಲಿ ನಿಂತಿರಲೂಬಹುದು. ತಮ್ಮ ಬಂದರಿನಲ್ಲಿ ಬಿಸಿಲಿರುವುದಕ್ಕೂ ಎಚ್ಚರಿಕೆಗೂ ವಿರೋಧವಿಲ್ಲ.

ಆಳದಲ್ಲಿ ಈ ನೀಳ ಅಲೆ ಬೋಟನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ಅಷ್ಟೆ. ಆದರೆ ಅಲೆಯ ಉದ್ದದ ಅರ್ಧಕ್ಕಿಂತ ನೀರಿನ ಆಳ ಕಡಿಮೆಯಾದಲ್ಲಿ ಅದಕ್ಕೆ ತಳ ತಾಗತೊಡಗುತ್ತದೆ. 12 ಸೆಕೆಂಡಿನ ಅಲೆಗೆ 110 ಮೀಟರ್ ಆಳದಲ್ಲೇ ತಳದ ಅರಿವಾಗುತ್ತದೆ. ದಡದ ಹತ್ತಿರ ಬಂದಂತೆ ಅದರ ವೇಗ ತಗ್ಗಿ, ಉದ್ದ ಕುಗ್ಗಿ, ಎತ್ತರ ಏರುತ್ತದೆ. ಹೊರಗೆ ತೊಂದರೆ ಕೊಡದ ಅಲೆ, ಹೊಳೆ ಕಡಲನ್ನು ಸೇರುವ ಅಳಿವೆ ಬಾಗಿಲಿನಲ್ಲಿ ಮುರಿಯುವುದು ಹೀಗೆ.

ಬಿರುಗಾಳಿ ಅರಬ್ಬೀ ಸಮುದ್ರದಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ತಿಂಗಳುಗಳಲ್ಲಿ ಗಾಳಿ ಮಳೆ ಏನೂ ಇಲ್ಲದೆ ಕಡಲು ಒಮ್ಮೆಲೇ ಉಕ್ಕಿ ಮನೆಯಂಗಳಕ್ಕೆ ನುಗ್ಗುವುದನ್ನು ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಎನ್ನುತ್ತಾರೆ, ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂಬ ಅರ್ಥದಲ್ಲಿ. 2012ರಲ್ಲಿ ಯುನೆಸ್ಕೋ ಈ ಪದವನ್ನೇ ಅಂಗೀಕರಿಸಿತು. ಅದರ ಮೂಲವಿರುವುದು ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಬಿರುಗಾಳಿಗಳಲ್ಲಿ. 18 ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 50 ಕಿ.ಮೀ. ಸಾಗುತ್ತದೆಂದು ಹಿಡಿದರೆ, 40 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ನಮ್ಮ ದಡಕ್ಕೆ ಐದು ದಿನದ ದಾರಿ.

ಉತ್ತರ 3 (ಗಂಗೊಳ್ಳಿಯ ತಾಂಡೇಲ, ಎಂದರೆ ಬೋಟ್ ನಡೆಸುವವನು):

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ. ಒಂದು ವಿಷಯವನ್ನು ಮಾತ್ರ ಸೇರಿಸುತ್ತೇನೆ. ಬಂದರಿನಿಂದ ಹೊರಡುವ ಹೊತ್ತಿಗಿಂತ ಹಿಂದಿರುಗುವಾಗಲೇ ಹೆಚ್ಚು ಅಪಾಯ. ಬೆನ್ನ ಹಿಂದಿನಿಂದ ಬಂದ ದೊಡ್ಡ ತೆರೆಯು ಬೋಟಿನ ಹಿಂಭಾಗವನ್ನು ಎತ್ತಿ, ಮುಂಭಾಗವನ್ನು ನೀರಿಗೆ ಒತ್ತಿ, ಚುಕ್ಕಾಣಿಯ ಹಿಡಿತ ತಪ್ಪಿಸಿ, ಬೋಟನ್ನು ಅಡ್ಡಲಾಗಿ ತಿರುಗಿಸಿಬಿಡುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಕ್ಕೆ ಹರಿಯುತ್ತ ಒಳಬರುವ ತೆರೆಗೆ ಎದುರಾಗುವುದರಿಂದ ತೆರೆ ಇನ್ನಷ್ಟು ಕಡಿದಾಗುತ್ತದೆ. ಆಗ ಹೊರಗೇ ಲಂಗರು ಹಾಕಿ, ಉಬ್ಬರದ ನೀರು ಬರುವವರೆಗೆ ಕಾಯುವುದು ಜಾಣತನ. ಮೀನು ತುಂಬಿದ ಬೋಟಿನವರಿಗೆ ಆ ತಾಳ್ಮೆ ಇರುವುದಿಲ್ಲ ಎಂಬುದೂ ನಿಜ, ನನಗೂ ಇರುತ್ತಿರಲಿಲ್ಲ.

ಪ್ರಶ್ನಿಸಿದವನು:

ಎಲ್ಲರಿಗೂ ಕೃತಜ್ಞತೆಗಳು. ತಂದೆಯವರಿಗೆ ಓದಿ ಹೇಳಿದೆ. ಎರಡು ಪಟ್ಟಿನ ಲೆಕ್ಕ ಕೇಳಿ ಅವರಿಗೆ ಸಮಾಧಾನವಾಯಿತು. ಅವಧಿಯ ಲೆಕ್ಕ ಎಲ್ಲಿ ಸಿಗುತ್ತದೆ?

ಉತ್ತರ 2ರವರು:

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಾಗರ ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಜೊತೆಗೆ ಸ್ವೆಲ್‌ನ ಎತ್ತರ, ಅವಧಿ, ದಿಕ್ಕುಗಳೂ ಇರುತ್ತವೆ. ಎತ್ತರ ಒಂದೂವರೆ ಮೀಟರೇ ಇದ್ದು ಅವಧಿ 15 ಸೆಕೆಂಡಿಗಿಂತ ಹೆಚ್ಚಿದ್ದರೆ, ಹೊರಡುವ ಮುನ್ನ ಅಳಿವೆ ಬಾಗಿಲಿನ ಕಡೆಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ದೊಡ್ಡ ತೆರೆಗಳು ಗುಂಪುಗುಂಪಾಗಿ ಬರುವುದರಿಂದ ಐದು ನಿಮಿಷ ನೋಡಿದರೆ ಏನೂ ತಿಳಿಯುವುದಿಲ್ಲ.