ಎನ್‌ಸಿಆರ್ ಆದ ಹೊಡೆದಾಟ: ಎಕ್ಸ್‌ರೇಯಲ್ಲಿ ಮೂಳೆ ಮುರಿತ ಕಂಡರೆ ಪ್ರಕರಣ ಬದಲಾಗುತ್ತದೆಯೇ?

ಹೊಲದಬದು:
ಮಾನ್ಯರೇ, ಬದುವಿನ ವಿಚಾರಕ್ಕೆ ಪಕ್ಕದ ಹೊಲದವರು ನಮ್ಮ ಚಿಕ್ಕಪ್ಪನವರನ್ನು ಕೈಯಿಂದ ಹೊಡೆದು ಕೆಳಕ್ಕೆ ದೂಡಿದ್ದಾರೆ. ಅಂದೇ ಠಾಣೆಗೆ ದೂರು ಕೊಟ್ಟಾಗ, ಇದು ಅಸಂಜ್ಞೇಯ ಅಪರಾಧವೆಂದು ಎನ್‌ಸಿಆರ್ (ಅಂಥ ದೂರು ದಾಖಲಿಸಿಕೊಂಡ ವರದಿ) ಕೊಟ್ಟು ಕಳುಹಿಸಿದರು. ಮಣಿಕಟ್ಟಿನ ಊತ ಇಳಿಯದೆ ಎಕ್ಸ್‌ರೇ ತೆಗೆಸಿದಾಗ ಮೂಳೆ ಮುರಿದಿರುವುದು ಗೊತ್ತಾಯಿತು. ಈಗ ಎಫ್‌ಐಆರ್ ಆಗಬೇಕಲ್ಲವೇ? ಏಳು ವರ್ಷದ ಕೇಸಿಗೆ ಜಾಮೀನೇ ಸಿಗದೆಂದು ಹೆದರಿ ಎದುರಿನವರು ರಾಜಿಗೆ ಬಂದಿದ್ದಾರೆ. ಅದು ನಿಜವೇ?

ತಾಲ್ಲೂಕು ವಕೀಲ:
ಕೈಯಿಂದ ಹೊಡೆದು ಸಾದಾ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 115(2) ಅನ್ವಯವಾಗುತ್ತದೆ. ಒಂದು ವರ್ಷದವರೆಗೆ ಕಾರಾವಾಸ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಸಂಜ್ಞೇಯವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಇದರ ತನಿಖೆ ನಡೆಸುವಂತಿಲ್ಲ. ಹಾಗಾಗಿ ಅಂದಿನ ಮಟ್ಟಿಗೆ ಠಾಣೆಯವರ ಕ್ರಮದಲ್ಲಿ ನನಗೆ ದೋಷ ಕಾಣುತ್ತಿಲ್ಲ.

ಆದರೆ ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ಕಲಂ 116ರ ಪ್ರಕಾರ ತೀವ್ರ ಸ್ವರೂಪದ ಗಾಯ. ಏನೂ ಮುರಿಯದಿದ್ದರೂ, ಗಾಯಾಳು 15 ದಿನ ವಿಪರೀತ ನೋವಿನಲ್ಲಿದ್ದರೆ ಅಥವಾ ತನ್ನ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ಇದೇ ವರ್ಗಕ್ಕೆ ಸೇರುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಈ ಅವಧಿ 20 ದಿನವಿತ್ತು. ಶಿಕ್ಷೆ ಕಲಂ 117(2)ರಡಿ ಏಳು ವರ್ಷದವರೆಗೆ ಕಾರಾವಾಸ ಮತ್ತು ದಂಡ. ಅಪರಾಧ ಸಂಜ್ಞೇಯ, ಎಫ್‌ಐಆರ್ ಆಗಲೇಬೇಕು. ಜಾಮೀನಿನ ಮಾತು ಮಾತ್ರ ಸುಳ್ಳು, ಏಕೆಂದರೆ ಈ ಕಲಂ ಜಾಮೀನೀಯ, ಅಂದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕು.

ಎರಡನೇ ಸೆಮಿಸ್ಟರ್:
ಸರ್, ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಿದ್ದರೆ ಜಾಮೀನುರಹಿತ ಎಂದು ನಾವು ಓದಿದ್ದೇವಲ್ಲ?

ತಾಲ್ಲೂಕು ವಕೀಲ:
ನೀವು ಓದಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ಜಾಮೀನು, ವಿಚಾರಣೆಯ ವಿಧಾನ ಹೇಳುವ ಕಾನೂನು) ಮೊದಲ ಅನುಸೂಚಿಯ ಎರಡನೇ ಭಾಗ; ಅದು ಇತರ ಕಾಯ್ದೆಗಳಡಿಯ ಅಪರಾಧಗಳಿಗೆ. ನ್ಯಾಯ ಸಂಹಿತೆಯ ಅಪರಾಧಗಳಿಗೆ ಮೊದಲ ಭಾಗದಲ್ಲಿ ಕಲಂವಾರು ಪ್ರತ್ಯೇಕ ನಮೂದಿದೆ, ಅಲ್ಲಿ ವರ್ಷಗಳ ಲೆಕ್ಕ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಕುಡುಗೋಲಿನಿಂದ ಸಾದಾ ಗಾಯ ಮಾಡಿದರೆ ಕಲಂ 118(1)ರಡಿ ಗರಿಷ್ಠ ಶಿಕ್ಷೆ ಮೂರು ವರ್ಷ, ಆದರೂ ಅದು ಜಾಮೀನುರಹಿತ. ಬರಿಗೈಯಲ್ಲಿ ಮೂಳೆ ಮುರಿದರೆ ಏಳು ವರ್ಷ, ಆದರೂ ಜಾಮೀನೀಯ. ನನ್ನ ಮಟ್ಟಿಗೆ ಇದು ಅಷ್ಟೇನೂ ಸಮಂಜಸವಲ್ಲ, ಆದರೆ ಕಾನೂನು ಇರುವುದು ಹಾಗೆ.

ನಿವೃತ್ತ ಹೆಡ್‌ಕಾನ್‌ಸ್ಟೆಬಲ್:
ಹೊಲದಬದು ಅವರೇ, ಎಕ್ಸ್‌ರೇ ಫಿಲ್ಮ್ ಒಂದನ್ನೇ ಹಿಡಿದು ಹೋಗಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಪ್ರಮಾಣಪತ್ರಕ್ಕೆ ವಿನಂತಿಸಿ, ಎನ್‌ಸಿಆರ್ ಪ್ರತಿಯನ್ನೂ ಲಗತ್ತಿಸಿ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ದಾಖಲಿಸಲು ನಿರಾಕರಿಸಿದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ಎಸ್‌ಪಿಯವರಿಗೆ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಪ್ರಾಥಮಿಕ ವಿಚಾರಣೆಗೆ 14 ದಿನ ಬೇಕೆಂದು ಯಾರಾದರೂ ಹೇಳಿದರೆ, ಆ ಅವಕಾಶವಿರುವುದು ಮೂರು ವರ್ಷದಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಿಗೆ ಎಂಬುದನ್ನು ನೆನಪಿಸಿ. ಪೂರ್ತಿ ಏಳು ವರ್ಷದ ಈ ಕಲಂಗೆ ಅದು ಬಾರದು.

ಹೊಲದಬದು:
ಇಬ್ಬರಿಗೂ ಧನ್ಯವಾದಗಳು. ಊರ ಹಿರಿಯರು ಛಾಪಾ ಕಾಗದದಲ್ಲಿ ರಾಜಿ ಬರೆಸೋಣ ಎನ್ನುತ್ತಿದ್ದಾರೆ. ಅದಕ್ಕೆ ಬೆಲೆಯಿದೆಯೇ?

ತಾಲ್ಲೂಕು ವಕೀಲ:
115(2) ಆಗಿದ್ದರೆ ಗಾಯಾಳು ಯಾರ ಅನುಮತಿಯೂ ಇಲ್ಲದೆ ರಾಜಿಯಾಗಬಹುದಿತ್ತು. 117(2)ರಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 359ರಂತೆ ನ್ಯಾಯಾಲಯದ ಅನುಮತಿ ಬೇಕು, ಛಾಪಾ ಕಾಗದವೊಂದರಿಂದಲೇ ಮೊಕದ್ದಮೆ ಮುಗಿಯುವುದಿಲ್ಲ. ಇನ್ನೊಂದು ಮಾತು: ದೂಡಿದವನಿಗೆ ತೀವ್ರ ಗಾಯ ಮಾಡುವ ಉದ್ದೇಶವಾಗಲಿ, ಆಗಬಹುದೆಂಬ ಅರಿವಾಗಲಿ ಇತ್ತೆಂಬುದನ್ನೂ ಸಾಬೀತುಪಡಿಸಬೇಕಾಗುತ್ತದೆ, ಮತ್ತು ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಆದ್ದರಿಂದ ಅರ್ಜಿಯಲ್ಲಿ ಕೈ ಮುರಿಯಿತು ಎಂದಷ್ಟೇ ಬರೆಯದೆ, ಯಾರು ಹೇಗೆ ಹೊಡೆದರು, ಚಿಕ್ಕಪ್ಪನವರು ಎಲ್ಲಿ ಬಿದ್ದರು, ಆಗ ಯಾರು ನೋಡಿದರು ಎಂಬುದನ್ನು ನಡೆದಂತೆಯೇ ಬರೆಯಿರಿ.