ಬಳಗದ ಹಳೆಯ ಕ್ಯಾಸೆಟ್, ಪತ್ರ, ಫೋಟೋ ಉಳಿಸಬೇಕು, ಎಲ್ಲಿಂದ ಶುರು ಮಾಡೋದು?

ಕೇಳಿದವರು:

ನಮ್ಮದು ದೊಡ್ಡ ಸಂಸ್ಥೆಯೇನಲ್ಲ. ಧ್ಯಾನ, ಸತ್ಸಂಗ ಅಂತ ಎರಡು ತಲೆಮಾರಿನಿಂದ ಸೇರುತ್ತಿರುವ ಬಳಗ. ಶುರು ಮಾಡಿದ ಗುರುಗಳು ಈಗಿಲ್ಲ. ಅವರ ಮಾತಿನ ಕ್ಯಾಸೆಟ್‌ಗಳು, ಕೈಬರಹದ ಪುಸ್ತಕಗಳು, ಸಾಧಕರು ಅವರಿಗೆ ಬರೆದ ಪತ್ರಗಳು, ಫೋಟೋ ಆಲ್ಬಂ, ಒಂದಷ್ಟು ಫಿಲ್ಮ್ ಸುರುಳಿ, ಸಭೆಯ ನಡಾವಳಿ, ಲೆಕ್ಕದ ಪುಸ್ತಕ, ಎಲ್ಲ ಒಂದೇ ಕೋಣೆಯಲ್ಲಿ ರಾಶಿ ಬಿದ್ದಿವೆ. ಕೆಲಸಕ್ಕೆ ನಾಲ್ಕೈದು ಜನ ಸಿದ್ಧರಿದ್ದೇವೆ. ಯಾರಿಗೂ ತರಬೇತಿ ಇಲ್ಲ. ಒಬ್ಬರು ಮೊದಲು ಸ್ಕ್ಯಾನರ್ ತರೋಣ ಅನ್ನುತ್ತಾರೆ, ಇನ್ನೊಬ್ಬರು ಮೊದಲು ಬೇಡದ್ದನ್ನೆಲ್ಲ ಎಸೆಯೋಣ ಅನ್ನುತ್ತಾರೆ. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಇನ್ನೊಂದು ಬಳಗದ ದಾಖಲೆ ನೋಡಿಕೊಳ್ಳುವವರು:

ಸ್ಕ್ಯಾನರ್ ಆಮೇಲೆ. ಎಸೆಯೋದು ಇನ್ನೂ ಆಮೇಲೆ. ಮೊದಲು ಪಟ್ಟಿ ಮಾಡಿ.

ಬೇಜಾರಿನ ಕೆಲಸ, ಹುರುಪಿನಿಂದ ಬಂದವರು ಎರಡನೇ ವಾರಕ್ಕೇ ನಾಪತ್ತೆ ಆಗುತ್ತಾರೆ, ಅದೆಲ್ಲ ಗೊತ್ತು. ಆದರೆ ಪಟ್ಟಿ ಇಲ್ಲದೆ ಸ್ಕ್ಯಾನ್ ಮಾಡಿದವರ ಪಾಡನ್ನೂ ನೋಡಿದ್ದೇನೆ. ಸಾವಿರಾರು ಫೈಲು ಇರುತ್ತವೆ, ಯಾವುದು ಯಾವ ಡಬ್ಬಿಯದು ಅಂತ ಒಬ್ಬರಿಗೂ ಗೊತ್ತಿರುವುದಿಲ್ಲ. ಕೋಣೆಯಲ್ಲಿದ್ದ ರಾಶಿ ಕಂಪ್ಯೂಟರಿಗೆ ಹೋಯಿತು, ಅಷ್ಟೆ.

ಪಟ್ಟಿ ಅಂದರೆ ಹಾಳೆ ಹಾಳೆಗೂ ಅಲ್ಲ. ಡಬ್ಬಿಗೊಂದು ನಂಬರ್. ಒಳಗೆ ಏನಿದೆ, ಸುಮಾರು ಯಾವ ಕಾಲದ್ದು, ಯಾರ ಮನೆಯಿಂದ ಬಂತು, ಈಗ ಹೇಗಿದೆ. ಡಬ್ಬಿಗೆ ಎರಡು ಮೂರು ಸಾಲು ಸಾಕು. ಒಂದು ವಸ್ತು ಕದಲಿಸುವ ಮುಂಚೆ ಕಪಾಟಿನ ಫೋಟೋ ತೆಗೆದಿಟ್ಟುಕೊಳ್ಳಿ.

ಮತ್ತೆ, ಜೋಡಿಸುವ ಉತ್ಸಾಹದಲ್ಲಿ ಬೆರೆಸಿಬಿಡಬೇಡಿ. ಪತ್ರವೆಲ್ಲ ಒಂದು ಕಡೆ, ಫೋಟೋ ಎಲ್ಲ ಒಂದು ಕಡೆ ಇಟ್ಟರೆ ನೋಡಲು ಚೆಂದ. ಆದರೆ ಹಳೆಯ ಕಾರ್ಯದರ್ಶಿಯ ಫೈಲಿನಲ್ಲಿ ಒಂದು ಪತ್ರ, ಅದಕ್ಕೆ ಚುಚ್ಚಿದ ರಸೀದಿ, ಅದರ ಹಿಂದೆ ಒಂದು ಫೋಟೋ ಇದ್ದರೆ ಅವು ಸುಮ್ನೆ ಒಟ್ಟಿಗೆ ಬಂದಿರುವುದಿಲ್ಲ. ಬಿಡಿಸಿದರೆ ಆ ನಂಟು ಹೋಯಿತು. ಒಂದು ಮೂಲದಿಂದ ಬಂದದ್ದು ಒಟ್ಟಿಗೇ ಇರಲಿ ಅಂತ ಫ್ರಾನ್ಸ್‌ನಲ್ಲಿ 1841ರಲ್ಲೇ ಸರ್ಕಾರಿ ದಾಖಲೆಗಳಿಗೆ ಸುತ್ತೋಲೆ ಹೊರಟಿತ್ತು. ದಾಖಲಾಗಾರಗಳು ಇವತ್ತಿಗೂ ನಡೆಯುವುದು ಆ ಲೆಕ್ಕದಲ್ಲೇ.

ಪಟ್ಟಿ ಕೈಗೆ ಬಂದ ಮೇಲೆ ಯಾವುದು ಬೇಗ ಹಾಳಾಗುತ್ತದೆ ಅಂತ ನೋಡಿ. ಕಾಗದ ಒಣ ಜಾಗದಲ್ಲಿ, ಕತ್ತಲಲ್ಲಿ ಇದ್ದರೆ ನಿಮಗಾಗಿ ಕಾಯುತ್ತದೆ. ಕ್ಯಾಸೆಟ್ ಅಷ್ಟು ಕಾಯುವುದಿಲ್ಲ. ಹಿರಿಯರ ನೆನಪು ಅದಕ್ಕಿಂತಲೂ ಅವಸರದ್ದು. ಆದ್ದರಿಂದ ಪಟ್ಟಿ ನಡೆಯುತ್ತಿರುವಾಗಲೇ ಒಬ್ಬರು ಹಿರಿಯರ ಮಾತು ರೆಕಾರ್ಡ್ ಮಾಡಲು ಕೂರಲಿ.

ಕೋಣೆಯ ಬಗ್ಗೆ: ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಷ್ಟು ಶುರು. ತೇವ ಅಳೆಯುವ ಪುಟ್ಟ ಮೀಟರ್ ಒಂದು ಇಡಿ. ಡಬ್ಬಿಗಳು ನೆಲದ ಮೇಲೆ ಬೇಡ, ನೀರಿನ ಪೈಪಿನ ಕೆಳಗೆ ಬೇಡ, ಹೊರಗೋಡೆಗೆ ತಾಗಿಸಿ ಬೇಡ. ದೀಪ, ಧೂಪ ಆ ಕೋಣೆಯಲ್ಲಿ ಬೇಡವೇ ಬೇಡ. ಇದನ್ನು ಹೇಳಿದಾಗ ನಮ್ಮಲ್ಲಿ ಕೆಲವರು ಮುನಿಸಿಕೊಂಡರು, ಆದರೂ ಹೇಳಲೇಬೇಕು.

ಧ್ವನಿಮುದ್ರಣದ ಕೆಲಸ ಮಾಡುವವರು:

ಮೇಲಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ, ಕ್ಯಾಸೆಟ್ ವಿಷಯದಲ್ಲಂತೂ ಇನ್ನೂ ಜಾಸ್ತಿ. ಯುನೆಸ್ಕೋ 2019ರಲ್ಲೇ ಎಚ್ಚರಿಕೆ ಕೊಟ್ಟಿತ್ತು, ಮ್ಯಾಗ್ನೆಟಿಕ್ ಟೇಪಿನಲ್ಲಿರುವುದನ್ನು 2025ರ ಹೊತ್ತಿಗೆ ಡಿಜಿಟಲ್ ಮಾಡದಿದ್ದರೆ ಕಳೆದುಕೊಳ್ಳುತ್ತೀರಿ ಅಂತ. ಟೇಪ್ ಹಾಳಾಗುವುದು ಅರ್ಧ ಕಾರಣ. ಉಳಿದರ್ಧ, ಓಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಸಿಗದೆ ಹೋಗುವುದು. ವಿಎಚ್‌ಎಸ್ ಅನ್ನುವ ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರಲ್ಲಿ ನಿಲ್ಲಿಸಿತು. ನಿಮ್ಮಲ್ಲಿ ವಿಡಿಯೋ ಕ್ಯಾಸೆಟ್ ಇದ್ದರೆ ಅದೂ ಸಾಲಿನ ಮುಂದೆ ಬರಲಿ.

ಕ್ಯಾಸೆಟ್ ಕೈಗೆತ್ತಿಕೊಂಡ ಕೂಡಲೇ ಟೇಪ್ ಕಾಣುವ ಅಂಚಿನ ಎದುರು ಅಂಚು ನೋಡಿ. ಎರಡು ಮೂಲೆಯಲ್ಲೂ ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದುಬಿಡಿ. ಆಮೇಲೆ ಯಾರಾದರೂ ಮರೆತು ರೆಕಾರ್ಡ್ ಬಟನ್ ಒತ್ತಿದರೂ ಗುರುಗಳ ಮಾತು ಅಳಿಸುವುದಿಲ್ಲ.

ಆಮೇಲೆ ಟೇಪಿನ ಹಿಂದೆ, ಸರಿಯಾಗಿ ನಡುವೆ, ಬೆಳ್ಳಗಿನ ಒಂದು ಚಿಕ್ಕ ಮೆತ್ತೆ ಇದೆಯಾ ನೋಡಿ. ಯಂತ್ರದ ಹೆಡ್‌ಗೆ, ಅಂದರೆ ಟೇಪಿನಿಂದ ಧ್ವನಿ ಓದುವ ಭಾಗಕ್ಕೆ, ಟೇಪನ್ನು ಒತ್ತಿ ಹಿಡಿಯುವುದು ಅದೇ. ಹಳೆಯ ಕ್ಯಾಸೆಟ್‌ಗಳಲ್ಲಿ ಅಂಟು ಒಣಗಿ ಉದುರಿಹೋಗಿರುತ್ತದೆ. ಆಗ ಮಾತು ಗೋಡೆಯ ಆಚೆಯಿಂದ ಬಂದ ಹಾಗೆ ಮಂಕಾಗಿ ಕೇಳುತ್ತದೆ, ಜನ ಟೇಪೇ ಹಾಳಾಗಿದೆ ಅಂತ ಪಕ್ಕಕ್ಕಿಡುತ್ತಾರೆ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಬಿಚ್ಚಿ, ಅದರ ಕವಚಕ್ಕೆ ಈ ಸುರುಳಿ ದಾಟಿಸಿದರೆ ಮಾತು ವಾಪಸ್ ಬರುತ್ತದೆ. ಮೊದಲು ಖಾಲಿ ಕ್ಯಾಸೆಟ್ ಬಿಚ್ಚಿ ಕೈ ಪಳಗಿಸಿಕೊಳ್ಳಿ.

ಮೆತ್ತೆ ಇದ್ದೂ, ಹೆಡ್ ಒರೆಸಿದ ಮೇಲೂ ಮಂಕಾಗಿದ್ದರೆ ಹೆಚ್ಚಾಗಿ ಹೆಡ್‌ನ ಓರೆ ಸರಿಯಿಲ್ಲ ಅಂತ ಅರ್ಥ. ಹೆಡ್ ಪಕ್ಕದಲ್ಲಿ ಪುಟ್ಟ ಸ್ಕ್ರೂ ಇರುತ್ತದೆ. ಟೇಪ್ ಓಡುತ್ತಿರುವಾಗಲೇ ಒಂದಿಷ್ಟೇ ತಿರುಗಿಸುತ್ತಾ 'ಸ', 'ಶ' ಅಕ್ಷರಗಳು ಎಲ್ಲಿ ಚೊಕ್ಕಟವಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ನೋಡಬೇಕು, ಯಾಕೆಂದರೆ ಒಂದೊಂದನ್ನು ಒಂದೊಂದು ಯಂತ್ರದಲ್ಲಿ ರೆಕಾರ್ಡ್ ಮಾಡಿರುತ್ತಾರೆ. ಯುಎಸ್‌ಬಿ ಸಿಕ್ಕಿಸುವ ಅಗ್ಗದ ಪ್ಲೇಯರ್ ಈ ಕೆಲಸಕ್ಕೆ ಬೇಡ. ಸರ್ವಿಸ್ ಆದ ಒಳ್ಳೆಯ ಹಳೆಯ ಡೆಕ್ ಒಂದು ಸಾಕು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಆಗಾಗ ಒರೆಸಿ.

ಕಂಪ್ಯೂಟರಿಗೆ ಇಳಿಸುವ ಮೂಲ ಪ್ರತಿ ವೇವ್ (ಧ್ವನಿಯನ್ನು ಕುಗ್ಗಿಸದೆ ಇಡುವ) ಫೈಲ್ ಆಗಿರಲಿ, 96 ಕಿಲೋಹರ್ಟ್ಸ್, 24 ಬಿಟ್. ಒಂದು ಗಂಟೆಯ ಸ್ಟೀರಿಯೋಗೆ ಸುಮಾರು 2 ಜಿಬಿ ಜಾಗ ಬೇಕು. ಕೇಳಲು ಕೊಡುವ ಎಂಪಿ3 ಅದರಿಂದ ಆಮೇಲೆ ಮಾಡಿಕೊಳ್ಳಬಹುದು. ಮೂಲ ಪ್ರತಿಯಲ್ಲಿ ಗರಗರ ಸದ್ದು ತೆಗೆಯಬೇಡಿ, ಕೆಮ್ಮು ಕತ್ತರಿಸಬೇಡಿ. ಇವತ್ತಿನ ಸಾಫ್ಟ್‌ವೇರ್ ಸದ್ದಿನ ಜೊತೆ ಧ್ವನಿಯನ್ನೂ ಒಂದಿಷ್ಟು ತಿನ್ನುತ್ತದೆ. ಸ್ವಚ್ಛ ಮಾಡುವುದಿದ್ದರೆ ನಕಲಿನಲ್ಲಿ ಮಾಡಿ.

ಇನ್ನೊಂದು ಕಿವಿಮಾತು. ಇಂಥ ಬಳಗಗಳಲ್ಲಿ ಒಂದೇ ಪ್ರವಚನದ ಹತ್ತಾರು ನಕಲು ಮನೆಮನೆಗೂ ಹಂಚಿರುತ್ತಾರೆ. ನಕಲಿನ ನಕಲು ಆದಷ್ಟೂ ಧ್ವನಿ ಕೆಡುತ್ತದೆ. ನಿಮ್ಮ ಕೋಣೆಯಲ್ಲಿರುವುದೇ ಮೂಲ ಅಂದುಕೊಳ್ಳಬೇಡಿ. ಆಗ ಮೈಕ್ ಮುಂದೆ ಕೂತು ರೆಕಾರ್ಡ್ ಮಾಡುತ್ತಿದ್ದವರು ಯಾರು ಅಂತ ಕೇಳಿ. ಮೊದಲ ಟೇಪ್ ಅವರ ಮನೆಯ ಅಟ್ಟದಲ್ಲಿರುವ ಸಾಧ್ಯತೆಯೇ ಹೆಚ್ಚು.

ಕೇಳಿದವರು:

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ತುಂಬ ಥ್ಯಾಂಕ್ಸ್. ಫಿಲ್ಮ್ ಡಬ್ಬಿ ತೆರೆದರೆ ಹುಳಿ ವಾಸನೆ ಬರುತ್ತಿದೆ, ವಿನೆಗರ್ ಥರ. ಮಾಮೂಲಿಯಾ? ಮತ್ತೆ ಲೆಕ್ಕದ ಪುಸ್ತಕಗಳನ್ನಾದರೂ ಎಸೆಯಬಹುದಾ? ಒಂದು ಕಪಾಟು ತುಂಬ ಅವೇ ಇವೆ.

ಧ್ವನಿಮುದ್ರಣದ ಕೆಲಸ ಮಾಡುವವರು:

ಮಾಮೂಲಿ ಅಲ್ಲ. ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯುವಾಗ ಬರುವ ವಾಸನೆ ಅದು. ಹೊರಬರುವ ಆಮ್ಲವೇ ಕೊಳೆಯುವುದನ್ನು ಇನ್ನೂ ಜೋರು ಮಾಡುತ್ತದೆ, ಪಕ್ಕದ ಒಳ್ಳೆಯ ಸುರುಳಿಗೂ ತಟ್ಟುತ್ತದೆ. ಇವತ್ತೇ ಬೇರೆ ಕೋಣೆಯಲ್ಲಿ, ತಂಪಾದ ಜಾಗದಲ್ಲಿಡಿ. ಕೊಳೆತ ಫಿಲ್ಮ್ ಕುಗ್ಗಿರುತ್ತದೆ. ಒಮ್ಮೆ ನೋಡೋಣ ಅಂತ ಹಳೆಯ ಪ್ರೊಜೆಕ್ಟರಿಗೆ ಹಾಕಿದರೆ ಅಂಚಿನ ತೂತುಗಳು ಹರಿಯುತ್ತವೆ. ಇದನ್ನು ಫಿಲ್ಮ್ ಸ್ಕ್ಯಾನ್ ಮಾಡುವ ಲ್ಯಾಬಿಗೇ ಕೊಡಿ, ಕೈಯಲ್ಲಿ ಹಣ ಇರುವಷ್ಟು ಸುರುಳಿಗಳನ್ನು ಮೊದಲು.

ಇತಿಹಾಸ ಓದಿದವರು:

ಲೆಕ್ಕದ ಪುಸ್ತಕ ಎಸೆಯಬೇಡಿ, ಕೈಮುಗಿದು ಹೇಳುತ್ತೇನೆ. ಈಜಿಪ್ಟಿನ ಕೈರೋದಲ್ಲಿರುವ ಬೆನ್ ಎಜ್ರಾ ಸಿನಗಾಗ್‌ನವರು (ಯಹೂದಿಗಳ ಪ್ರಾರ್ಥನಾ ಮಂದಿರ) ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದು ಅಂತ ಶತಮಾನಗಟ್ಟಲೆ ಎಲ್ಲವನ್ನೂ ಒಂದು ಕೋಣೆಗೆ ಹಾಕುತ್ತಾ ಬಂದರು. 1896-97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ಒಯ್ದರು. ಧರ್ಮಗ್ರಂಥದ ಜೊತೆಗೆ ವ್ಯಾಪಾರದ ಪತ್ರ, ಮದುವೆ ಕರಾರು, ಸಾಮಾನಿನ ಚೀಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ ಎಲ್ಲ ಇದ್ದವು. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಬದುಕು ಇವತ್ತು ನಮಗೆ ತಿಳಿದಿರುವುದು ಆ ರಾಶಿಯಲ್ಲಿದ್ದ ಪತ್ರಗಳಿಂದ. ಅಂದಿನವರ ಪಾಲಿಗೆ ಅದು ಹಳೇ ಕಾಗದ, ಅಲ್ವಾ?

ಪ್ರವಚನದಲ್ಲಿ ಗುರುಗಳು ಏನು ಹೇಳಿದರು ಅನ್ನುವುದು ಸಿಗುತ್ತದೆ. ಕೇಳಲು ಬಂದವರು ಯಾರು, ಎಷ್ಟು ಕೊಟ್ಟರು, ಯಾವ ವರ್ಷ ಕಷ್ಟವಾಯಿತು, ಅಡುಗೆ ಯಾರು ಮಾಡಿದರು ಅನ್ನುವುದು ಲೆಕ್ಕದ ಪುಸ್ತಕದಲ್ಲೇ ಸಿಗುವುದು. ಜಾಗ ಬೇಕೇ ಬೇಕು ಅಂದರೆ ಒಂದೇ ಕರಪತ್ರದ ನೂರು ಪ್ರತಿಯಲ್ಲಿ ಮೂರು ಉಳಿಸಿ, ಖಾಲಿ ಫಾರಂಗಳನ್ನು ತೆಗೆಯಿರಿ.

ಫೋಟೋ ಆಲ್ಬಂಗಳಲ್ಲಿ ಮುಳುಗಿರುವವರು:

ಪ್ಲಾಸ್ಟಿಕ್ ಹಾಳೆ ಎತ್ತಿ ಅಂಟಿಸುವ ಆಲ್ಬಂ ಇದ್ದರೆ ಮೊದಲು ಪುಟವನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿ. ಬಿಡಿಸಲೇಬೇಕಾದರೆ ಹಲ್ಲು ಸಂದಿ ಸ್ವಚ್ಛ ಮಾಡುವ ದಾರವನ್ನು ಫೋಟೋ ಕೆಳಗೆ ತೂರಿಸಿ ಗರಗಸದ ಹಾಗೆ ಮೆಲ್ಲಗೆ ಎಳೆಯಿರಿ. ಬಾರದಿದ್ದರೆ ಬಿಟ್ಟುಬಿಡಿ. ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಆಗಬಹುದು. ಫೋಟೋ ಹಿಂದೆ ಬಾಲ್ ಪೆನ್ ಬೇಡ, ಮೆತ್ತನೆಯ ಪೆನ್ಸಿಲ್ ಸಾಕು. ಲ್ಯಾಮಿನೇಷನ್, ಸೆಲ್ಲೋ ಟೇಪ್ ಎರಡಕ್ಕೂ ದೂರದಿಂದಲೇ ನಮಸ್ಕಾರ.

ಹೆಸರು ಹಚ್ಚುವುದೇ ನಿಜವಾದ ಕೆಲಸ. ಫೋಟೋ ದೊಡ್ಡದಾಗಿ ಪ್ರಿಂಟ್ ತೆಗೆದು, ಮುಖಗಳಿಗೆ ನಂಬರ್ ಹಾಕಿ, ಹಿರಿಯರ ಹತ್ತಿರ ಒಬ್ಬೊಬ್ಬರಾಗಿ ಕೂತು ಕೇಳಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಜೋರಾಗಿ ಮಾತಾಡುವವರು ಹೇಳಿದ ಹೆಸರಿಗೆ ಉಳಿದವರು ಹೂಂ ಅಂದುಬಿಡುತ್ತಾರೆ. ಇಬ್ಬರು ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಬರೆದು, ಯಾರು ಹೇಳಿದ್ದು ಅಂತಲೂ ಬರೆಯಿರಿ. ಮಾತಾಡುವಾಗ ಅನುಮತಿ ಕೇಳಿ ಫೋನ್ ರೆಕಾರ್ಡರ್ ಆನ್ ಇರಲಿ. ಒಂದು ಮುಖದಿಂದ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ.

ಹೊಸಬರು:

ಪತ್ರ ಮುಟ್ಟುವಾಗ ಬಿಳಿ ಹತ್ತಿ ಗ್ಲೌಸ್ ಹಾಕಬೇಕಲ್ವಾ?

ಇನ್ನೊಂದು ಬಳಗದ ದಾಖಲೆ ನೋಡಿಕೊಳ್ಳುವವರು:

ಕಾಗದಕ್ಕೆ ಬೇಡ. ಗ್ಲೌಸ್ ಹಾಕಿದರೆ ಬೆರಳಿಗೆ ಅಂಚು ಗೊತ್ತಾಗದೆ ಹಾಳೆ ಹರಿಯುವುದೇ ಹೆಚ್ಚು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರೆ ಸಾಕು. ಫೋಟೋ, ನೆಗೆಟಿವ್‌ಗೆ ಮಾತ್ರ ನೈಟ್ರೈಲ್ ಗ್ಲೌಸ್.

ನಡಾವಳಿ, ಪತ್ರ ಓದುವ ಕೆಲಸ ಮಾಡಿದವರು:

ಇದುವರೆಗೆ ಯಾರೂ ಹೇಳದ ಒಂದು ವಿಷಯ ಇದೆ, ಅದೇ ಕಷ್ಟದ್ದು. ಗುರುಗಳಿಗೆ ಬಂದ ಪತ್ರಗಳಲ್ಲಿ ಜನ ಮನಸ್ಸು ಬಿಚ್ಚಿರುತ್ತಾರೆ. ಗಂಡ ಹೆಂಡತಿ ಜಗಳ, ಕಾಯಿಲೆ, ಸಾಲ, ಯಾರಿಗೂ ಹೇಳದ ಪಾಪಪ್ರಜ್ಞೆ. ಒಬ್ಬರ ಮೇಲಿನ ನಂಬಿಕೆಯಿಂದ ಬರೆದದ್ದು ಅದು. ಅವರ ಮಕ್ಕಳು ಇವತ್ತು ನಿಮ್ಮ ಜೊತೆ ಧ್ಯಾನಕ್ಕೆ ಕೂರುತ್ತಿರಬಹುದು. ಪತ್ರಗಳನ್ನು ಯಾರು ಓದಬಹುದು ಅಂತ ಕೆಲಸ ಶುರುವಾಗುವ ಮುಂಚೆ ತೀರ್ಮಾನ ಮಾಡಿ, ಓದುವವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಇಂತಿಷ್ಟು ವರ್ಷ ಮುಚ್ಚಿಡುತ್ತೇವೆ ಅಂತ ಡಬ್ಬಿಯ ಮೇಲೂ ಪಟ್ಟಿಯಲ್ಲೂ ಬರೆಯಿರಿ. ಕಾನೂನಿನ ಲೆಕ್ಕದಲ್ಲೂ ಸಾಮಾನ್ಯವಾಗಿ ಕಾಗದ ಪಡೆದವರದ್ದು, ಬರಹದ ಹಕ್ಕು ಬರೆದವರದ್ದು. ಪುಸ್ತಕದಲ್ಲಿ ಅಚ್ಚು ಹಾಕುವ ಮುಂಚೆ ಕೇಳಬೇಕು.

ಆದರೆ ಇದೇ ನೆಪದಲ್ಲಿ ಮುಜುಗರದ್ದನ್ನೆಲ್ಲ ಹೂತುಹಾಕುವವರೂ ಇದ್ದಾರೆ. ಬಳಗ ಒಡೆದ ವರ್ಷದ ನಡಾವಳಿ, ಬಿಟ್ಟುಹೋದವರ ರಾಜೀನಾಮೆ ಪತ್ರ, ಗುರುಗಳ ಜೊತೆ ವಾದ ಮಾಡಿದವರ ಟಿಪ್ಪಣಿ, ಇವೂ ಉಳಿಯಬೇಕು. ಮುಚ್ಚಿಡುವುದು ಬೇರೆ, ಹರಿದುಹಾಕುವುದು ಬೇರೆ. ಹಾಗೇ ಪ್ರವಚನದ ಅಚ್ಚಾದ ಪುಸ್ತಕ ಇದೆ ಅಂತ ಟೇಪ್ ಬೇಡ ಅನ್ನಬೇಡಿ. ಸಂಪಾದಕರು ಮಾತನ್ನು ಎಷ್ಟು ನಯ ಮಾಡಿದ್ದಾರೆ ಅನ್ನುವುದು ಟೇಪ್ ಕೇಳಿದರೆ ತಿಳಿಯುತ್ತದೆ. ಮೊದಲ ಕರಡು, ತಿದ್ದಿದ ಕರಡು, ಪುಸ್ತಕ, ಮೂರೂ ಇರಲಿ.

ಮತ್ತೆ, ಗುರುಗಳ ಕೈಬರಹದ ಒಂದು ಹಾಳೆ ಮನೆಯಲ್ಲಿ ಪೂಜೆಗೆ ಬೇಕು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇಲ್ಲ ಅನ್ನುವುದು ಕಷ್ಟ. ಒಳ್ಳೆಯ ಕಾಗದದಲ್ಲಿ ಬಣ್ಣದ ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಿ ಕೊಡಿ. ನಮ್ಮಲ್ಲಿ ಇದಾದ ಮೇಲೆ ಕೆಲವರು ಹಿಂದೆ ಒಯ್ದಿದ್ದ ಮೂಲ ಹಾಳೆಗಳನ್ನು ತಾವೇ ತಂದುಕೊಟ್ಟರು.

ಕಂಪ್ಯೂಟರ್ ಕೆಲಸದವರು:

ಫೈಲುಗಳ ಮೂರು ಪ್ರತಿ, ಎರಡು ಬೇರೆ ಬಗೆಯ ಸಂಗ್ರಹದಲ್ಲಿ, ಒಂದು ಬೇರೆ ಕಟ್ಟಡದಲ್ಲಿ. ಸಿಡಿ ನಂಬಬೇಡಿ. ಫೈಲ್ ಹೆಸರು ಡಬ್ಬಿ ನಂಬರಿನಿಂದ ಶುರುವಾಗಲಿ, ಆಮೇಲೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಕು. ತಾರೀಕು ಗೊತ್ತಿಲ್ಲದಿದ್ದರೆ ಊಹಿಸಿ ತುಂಬಬೇಡಿ. ಪ್ರತಿ ಫೈಲಿಗೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಕೇತ) ತೆಗೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ. ಫೈಲ್ ಒಳಗೊಳಗೇ ಕೆಟ್ಟಿದ್ದರೆ ಆಗ ಸಿಕ್ಕಿಬೀಳುತ್ತದೆ. ಪಾಸ್‌ವರ್ಡ್ ಒಬ್ಬ ಸ್ವಯಂಸೇವಕರ ಹೆಸರಲ್ಲಿ ಇರಬಾರದು. ಅವರು ಊರು ಬಿಟ್ಟರೆ ಬಾಗಿಲೇ ತೆರೆಯುವುದಿಲ್ಲ.

ಕೇಳಿದವರು:

ಫಿಲ್ಮ್ ಡಬ್ಬಿಗಳನ್ನು ಆಗಲೇ ಬೇರೆ ಕೋಣೆಗೆ ಸಾಗಿಸಿದೆವು. ಭಾನುವಾರದಿಂದ ಪಟ್ಟಿ ಶುರು. ಡಬ್ಬಿಗೆ ನಂಬರ್ ಸ್ಟಿಕರ್‌ನಲ್ಲಿ ಹಾಕೋದಾ?

ಇನ್ನೊಂದು ಬಳಗದ ದಾಖಲೆ ನೋಡಿಕೊಳ್ಳುವವರು:

ಬೇಡ, ಒಂದೆರಡು ಮಳೆಗಾಲಕ್ಕೆ ಉದುರುತ್ತದೆ. ಡಬ್ಬಿಯ ಮೇಲೇ ಪೆನ್ಸಿಲ್‌ನಲ್ಲಿ ದಪ್ಪಕ್ಕೆ ಬರೆಯಿರಿ, ಅದೇ ನಂಬರ್ ಬರೆದ ಚೀಟಿ ಒಂದು ಒಳಗೂ ಇರಲಿ. ಮುಚ್ಚಳದ ಮೇಲೆ ಮಾತ್ರ ಬರೆಯಬೇಡಿ, ಮುಚ್ಚಳಗಳು ಅದಲುಬದಲಾಗುತ್ತವೆ.